ಕುಂಕುಮವಿಲ್ಲದ ಏಳು ಕಲ್ಲು

1995ರ ಮೇ 11, ಗುರುವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ತಮಿಳುನಾಡಿನ ಸೋಲಪಟ್ಟಿ ಪೊಲೀಸ್ ಠಾಣೆಗೆ ಒಂದು ದೂರು ಬಿಳಿ ಅಂಬಾಸಡರ್ ಕಾರಿನಲ್ಲಿ ಬಂತು. ಆ ಠಾಣೆಗೆ ದೂರುಗಳು ಸಾಮಾನ್ಯವಾಗಿ ಬರಿಗಾಲಲ್ಲಿ ಬರುತ್ತವೆ, ಹೊರಗಿನ ಹುಣಸೆ ಮರದ ಕೆಳಗೆ ಮಧ್ಯಾಹ್ನದವರೆಗೆ ಕೂರುತ್ತವೆ, ಆಮೇಲೆ ಒಳಗೆ ಕರೆಸಿಕೊಳ್ಳುತ್ತವೆ. ಕಾರಿನಲ್ಲಿ ಬಂದ ದೂರಿಗೆ ಮಾತ್ರ ಬಂದ ತಕ್ಷಣ ಕುರ್ಚಿ ಸಿಕ್ಕಿತು, ಟೀಯೂ ಸಿಕ್ಕಿತು.

ದೂರು ತಂದವರು ರಾಜಗೋಪಾಲ್. ಮೇಚೇರಿಯಿಂದ ಮೆಟ್ಟೂರು ಡ್ಯಾಮಿನ ಕಡೆ ಹೋಗುವ ದಾರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಇದೆ, ಸುತ್ತಲಿನವರು ಅದನ್ನು ಸಾಯಪಟ್ಟರೆ ಎನ್ನುತ್ತಾರೆ. ಅದರ ಮ್ಯಾನೇಜರ್ ಇವರು. ಕಾಗದ ಇಂಗ್ಲಿಷಿನಲ್ಲಿ ಟೈಪ್ ಆಗಿತ್ತು. ಡ್ಯಾಮಿನಿಂದ ಕಾರ್ಖಾನೆಗೆ ನೀರು ತರುವ ಪೈಪನ್ನು ನಿನ್ನೆ ಬುಧವಾರ ಬೇವಿನಟ್ಟಿ ಹತ್ತಿರ ಒಡೆದಿದ್ದಾರೆ, ರಾತ್ರಿಯೆಲ್ಲ ನೀರು ಹೋಗಿದೆ, ಮುಂಜಾನೆ ಬಣ್ಣದ ತೊಟ್ಟಿಗಳು ಒಣಗಿ ಕೆಲಸ ನಿಂತಿದೆ ಎಂಬುದು ಅದರ ಸಾರಾಂಶ. ಕೆಳಗೆ ಹನ್ನೊಂದು ಗಂಡಸರ ಹೆಸರು. ಮೊದಲನೆಯದು ಮುರುಗೇಶ್.

ಇನ್ಸ್‌ಪೆಕ್ಟರ್ ಪೊನ್ನುಸ್ವಾಮಿ ಪಟ್ಟಿ ನೋಡಿ ಕೇಳಿದರು, "ಇವರು ಒಡೆಯುವುದನ್ನು ಯಾರು ನೋಡಿದರು?"

"ನೋಡಬೇಕಾ ಸಾರ್? ಮಾರ್ಚ್‌ನಲ್ಲಿ ಖಾಲಿ ಕೊಡ ಇಟ್ಟುಕೊಂಡು ನಮ್ಮ ಲಾರಿ ತಡೆದವರು ಇವರೇ. ಫೋಟೋ ಇದೆ."

"ಫೋಟೋದಲ್ಲಿ ಪೈಪು ಇದೆಯಾ?"

ರಾಜಗೋಪಾಲ್ ಟೀ ಲೋಟ ಕೆಳಗಿಟ್ಟರು. "ಡಿಎಸ್ಪಿ ಸಾಹೇಬರಿಗೆ ನಮ್ಮ ಯಜಮಾನರು ಪಳನಿಯಪ್ಪನ್ ಫೋನ್ ಮಾಡಿದ್ದಾರೆ. ಅವರೂ ನಿಮಗೆ ಮಾಡಬಹುದು."

ಡಿಎಸ್ಪಿ ಸಾಹೇಬರು ಮಾಡಿಯೇ ಮಾಡಿದರು. ಶನಿವಾರ ಸಂಜೆಯೊಳಗೆ ಹನ್ನೊಂದೂ ಜನ ಒಳಗಿರಬೇಕು, ಗಲಭೆ ಕೇಸು ಹಾಕಿ, ಬೇಲ್ ಸಿಗಬಾರದು ಎಂದರು. ಪೊನ್ನುಸ್ವಾಮಿ ಫೋನಿಟ್ಟು ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. ರಿಟೈರಾಗಲು ಇನ್ನು ಎರಡೇ ವರ್ಷ, ಯಾರ ಜೊತೆಯೂ ಜಗಳ ಬೇಡ ಎಂದು ದಿನಕ್ಕೊಮ್ಮೆ ಹೇಳುವ ಮನುಷ್ಯ. ಕೊನೆಗೆ ಕ್ರೈಂ ನಂಬರ್ 118/95, ಐಪಿಸಿ 430ನೇ ಸೆಕ್ಷನ್, ನೀರಿಗೆ ತಡೆ ಮಾಡಿದ ಅಪರಾಧ, ಎಂದಷ್ಟೇ ಎಫ್‌ಐಆರ್ ಬರೆಸಿದರು. ಆರೋಪಿಯ ಜಾಗದಲ್ಲಿ "ತನಿಖೆಯಿಂದ ತಿಳಿಯಬೇಕು" ಎಂದು ಹಾಕಿಸಿದರು. ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಬರೆದವರು ಹೆಡ್ ಕಾನ್‌ಸ್ಟೇಬಲ್ ಸಿದ್ದಪ್ಪ. ಅದಿಯಮಾನ್‌ಕೋಟೆ ಕಡೆಯವರು, ವಯಸ್ಸು ನಲವತ್ತೆಂಟು. ಮನೆಮಾತು ಕನ್ನಡ, ಓದಿದ್ದು ಬರೆದದ್ದೆಲ್ಲ ತಮಿಳು. ಬೇವಿನಟ್ಟಿಯಂಥ ಕುರಿ ಸಾಕುವ ಕನ್ನಡದ ಹಟ್ಟಿಗಳಿಗೆ ಹೋಗುವಾಗಲೆಲ್ಲ ತಮಿಳಿನ ಸಾಹೇಬರಿಗೆ ಅವರೇ ಕಿವಿ, ಅವರೇ ಬಾಯಿ. ಆ ಹನ್ನೊಂದು ಹೆಸರಿನಲ್ಲಿ ಅವರಿಗೆ ಒಬ್ಬನೂ ನೆಂಟನಲ್ಲ. ಆದರೂ ಬರೆಯುವಾಗ ಒಂದೇ ಯೋಚನೆ. ಹನ್ನೊಂದು ಗಂಡಸರು ಜೈಲಿಗೆ ಹೋದರೆ ಆ ಹಟ್ಟಿಯಲ್ಲಿ ಕುರಿ ಹೊಡೆಯಲು, ಹೊಲ ಉಳಲು ಯಾರಿರುತ್ತಾರೆ?

ಹನ್ನೊಂದೂವರೆಗೆ ಜೀಪು ಸ್ಥಳಕ್ಕೆ ಮುಟ್ಟಿತು. ಇನ್ಸ್‌ಪೆಕ್ಟರ್, ಸಿದ್ದಪ್ಪ, ಮಹಿಳಾ ಕಾನ್‌ಸ್ಟೇಬಲ್ ಭುವನಾ. ಪಂಚನಾಮೆಗೆ ಸಾಕ್ಷಿಯಾಗಿ ಊರಿನ ವಿಎಓ ಗೋವಿಂದರಾಜು, ಅಂದರೆ ಗ್ರಾಮಾಡಳಿತದ ಅಧಿಕಾರಿ, ಬೈಸಿಕಲ್ಲಿನಲ್ಲಿ ಬಂದರು. ರಾಜಗೋಪಾಲರ ಕಾರು ಮೊದಲೇ ಬಂದು ನಿಂತಿತ್ತು.

ದಿಬ್ಬದ ಮೇಲೆ ಬೀಡು ಕಬ್ಬಿಣದ ಪೈಪು ಒಂದಾಳು ಉದ್ದ ಹೊರಗೆ ಕಾಣುತ್ತಿತ್ತು. ಮಣ್ಣನ್ನು ಗುದ್ದಲಿಯಿಂದ ಅಂದವಾಗಿ ಬಿಡಿಸಿದ್ದರು. ಪೈಪಿಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ. ಎರಡು ಪೈಪು ಕೂಡುವ ಜಾಗದಲ್ಲಿ ಸಂದಿಗೆ ಸಣಬಿನ ಹುರಿ ತುರುಕಿ, ಮೇಲೆ ಸೀಸ ಕಾಸಿ ಹೊಯ್ದು ಗಟ್ಟಿ ಮಾಡಿರುತ್ತಾರಲ್ಲ, ಆ ಸೀಸವನ್ನು ಯಾರೋ ಉಳಿಯಿಂದ ಸುತ್ತಲೂ ಬಿಡಿಸಿ ತೆಗೆದಿದ್ದರು. ಅಲ್ಲಿಂದ ಒಂದು ಸಣ್ಣ ಕಾಲುವೆ ಇಳಿಜಾರಿನಲ್ಲಿ ಹಟ್ಟಿಯ ಕುಂಟೆಗೆ ಹೋಗಿತ್ತು. ಕುಂಟೆಯಲ್ಲಿ ಮೊಣಕಾಲುದ್ದ ನೀರಿತ್ತು, ಅಂಚಿನಲ್ಲಿ ಕುರಿಗಳು ಮೂತಿ ಇಟ್ಟು ಕುಡಿಯುತ್ತಿದ್ದವು.

"ಬುಧವಾರ ಪಂಪು ಯಾವಾಗ ಶುರುವಾಯಿತು?" ಇನ್ಸ್‌ಪೆಕ್ಟರ್ ಕೇಳಿದರು.

"ಮಧ್ಯಾಹ್ನ ಮೂರಕ್ಕೆ. ಬುಧವಾರ ಬೆಳಿಗ್ಗೆಯಿಂದ ಪಂಪು ತೊಳೆಯುತ್ತಾರೆ, ಪೈಪು ಖಾಲಿ ಇರುತ್ತದೆ," ಎಂದರು ರಾಜಗೋಪಾಲ್.

"ಹಾಗಾದರೆ ಕೆಲಸ ನಡೆದದ್ದು ಹಗಲಲ್ಲಿ. ಬುಧವಾರ ಮೇಚೇರಿ ಸಂತೆ. ಈ ಹನ್ನೊಂದು ಜನ ಸಂತೆಗೆ ಹೋಗಿರಲಿಲ್ಲವಾ?"

"ಹೋದವರು ಮಧ್ಯದಲ್ಲಿ ವಾಪಸು ಬರೋಕಾಗಲ್ವಾ ಸಾರ್?"

ಸಿದ್ದಪ್ಪನ ಕಣ್ಣು ಬೇರೆ ಕಡೆ ಇತ್ತು. ಕಾಲುವೆಯ ಬಾಯಲ್ಲಿ ಏಳು ಕಲ್ಲು ಸಾಲಾಗಿ, ಪೂರ್ವಕ್ಕೆ ಮುಖ ಮಾಡಿ ನಿಂತಿದ್ದವು. ತೊಳೆದ ಕಲ್ಲು, ಮೇಲೆ ಅರಿಶಿನ. ಮುಂದೆ ಒಂದಿಷ್ಟು ತಂಗಡಿ ಹೂವು, ಹಾಲು ಹೊಯ್ದು ಒಣಗಿದ ಬಿಳಿ ಗುರುತು. ಪಕ್ಕದಲ್ಲೇ, ಪೈಪಿನಿಂದ ಕಿತ್ತ ಸೀಸದ ತುಂಡುಗಳು ಒಂದು ಮುತ್ತುಗದ ಎಲೆಯ ಮೇಲೆ ಗುಡ್ಡೆಯಾಗಿದ್ದವು.

"ಇದೇನು ಮಾಟವಾ?" ರಾಜಗೋಪಾಲ್ ಬೂಟುಗಾಲು ಎತ್ತಿದರು.

"ಸಾರ್, ಕಾಲು ಹಿಂದಕ್ಕೆ ತಗೊಳ್ಳಿ." ಸಿದ್ದಪ್ಪನಿಗೇ ತನ್ನ ದನಿ ಹೊಸದೆನಿಸಿತು. "ಪಂಚನಾಮೆ ಆಗೋವರೆಗೂ ಇಲ್ಲಿರೋದೆಲ್ಲ ಸಾಕ್ಷ್ಯ."

ಇನ್ಸ್‌ಪೆಕ್ಟರ್ ಹೌದೆಂದು ತಲೆಯಾಡಿಸಿದ್ದರಿಂದ ಕಾಲು ಇಳಿಯಿತು. ಸಿದ್ದಪ್ಪ ಎಲ್ಲವನ್ನೂ ಬರೆದರು. ಕಲ್ಲು ಏಳು. ಅರಿಶಿನ ಉಂಟು. ಹೂವು ಉಂಟು. ಹಾಲಿನ ಗುರುತು ಉಂಟು. ಕುಂಕುಮ ಇಲ್ಲ. ಬಳೆ ಇಲ್ಲ. ಇಲ್ಲದ್ದನ್ನು ಯಾಕೆ ಬರೆಯುತ್ತೀರಿ ಎಂದು ವಿಎಓ ಕೇಳಿದರು. ಇರಲಿ ಎಂದರು ಸಿದ್ದಪ್ಪ.

ಅವರಿಗೆ ಆಗಲೇ ಅರ್ಥವಾಗಿತ್ತು.

ಮಧ್ಯಾಹ್ನ ಒಂದೂವರೆಗೆ ಹಟ್ಟಿಯೊಳಗೆ ಹೋದರು. ಬೀದಿಯ ನಡುವೆ ಒಂದು ನಲ್ಲಿ, ನಲ್ಲಿಯ ಹಿಂದೆ ನಯವಾದ ಕರಿಕಲ್ಲು. ಅದರ ಮೇಲೆ ಪಳನಿಯಪ್ಪನ್ ಅವರ ಹೆಸರು, ಊರಿಗೆ ಅರ್ಪಿಸಿದ ತಾರೀಖು, 1992. ಊರ ಜಮೀನಿನ ಮೇಲೆ ಪೈಪು ಹಾಯಿಸಬೇಕಾದರೆ ಊರಿಗೂ ಒಂದು ನಲ್ಲಿ ಕೊಡಬೇಕೆಂದು ಸರ್ಕಾರ ಷರತ್ತು ಹಾಕಿತ್ತು. ನಲ್ಲಿಯ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ಭುವನಾ ನಲ್ಲಿ ತಿರುಗಿಸಿ ನೋಡಿದಳು, ಒಳಗಿಂದ ಗಾಳಿ ಕೂಡ ಬರಲಿಲ್ಲ.

ಹಿರಿಯ ಸಣ್ಣಯ್ಯ ಜಗಲಿಯ ಮೇಲಿದ್ದರು.

"ನೀರು ಯಾವಾಗ ನಿಂತಿತು?" ಸಿದ್ದಪ್ಪ ಕೇಳಿದರು.

"ಫೋಟೋ ಇಡಿದು ಆಫೀಸರ್ ಕಾರೆಲ್ಲ ಓದ ಮ್ಯಾಲೆ ಅತ್ತೊಂಬತ್ತು ದಿನ ಬಂತು ಏಟಯ್ಯ. ಅಷ್ಟೇ." ಹೆಡ್ ಕಾನ್‌ಸ್ಟೇಬಲ್‌ಗಳನ್ನು ಆ ಕಡೆ ಏಟಯ್ಯ ಅಂತಲೇ ಕರೆಯುವುದು.

"ಅರ್ಜಿ ಕೊಟ್ಟಿಲ್ವಾ?"

"ಕೊಟ್ಟೊ. ನಿಮ್ ಠಾಣೆಗೂ ಕೊಟ್ಟೊ. ಉಣಸೆ ಮರದ ಕೆಳಗೆ ಮೂರು ದಿನ ಕೂತಿದ್ದೊ. ತಣ್ಣಿ ಬರಲಿಲ್ಲ, ಪೇಪರೂ ಬರಲಿಲ್ಲ."

ಸಿದ್ದಪ್ಪ ಇದನ್ನು ತಮಿಳಿಗೆ ಹೇಳಿದರು; ತಣ್ಣಿ, ಅಂದರೆ ನೀರು, ಎಂಬ ಮಾತು ಮೊದಲೇ ತಮಿಳಿನದು. ಇನ್ಸ್‌ಪೆಕ್ಟರ್ ಕೆಮ್ಮಿ ಬೇರೆ ಪ್ರಶ್ನೆಗೆ ಹೋದರು. "ಪೈಪು ಒಡೆದವರು ಯಾರು?"

"ಯಾರೋ ಕಾಣೆ. ಊರೆಲ್ಲ ಸಂತೇಲಿತ್ತು."

"ನೀನು?"

"ನಾನೂ ಸಂತೇಲೇ ಇದ್ದೆ. ಮುರುಗೇಶೂ ಇದ್ದ, ಎರಡು ಟಗರು ತಂದಿದ್ದ. ಬೇಕಾದ್ರೆ ಅವನ್ನ ಇಡ್ಕೊಂಡು ಓಗಿ. ನಾವೂ ಬತ್ತೀವಿ. ಲಾರಿ ಎಷ್ಟು ಬೇಕಾದೀತು ಲೆಕ್ಕ ಆಕಿ, ಎಂಗಸರು ಮಕ್ಕಳು ಎಲ್ಲಾ ಬತ್ತೀವಿ. ಜೈಲಲ್ಲಿ ನಲ್ಲಿ ಐತಂತೆ."

ಸುತ್ತ ನಿಂತಿದ್ದವರಲ್ಲಿ ಯಾರೋ ನಕ್ಕರು. ನಗುವಿನಲ್ಲಿ ಖುಷಿ ಇರಲಿಲ್ಲ. ಭುವನಾ ಲಾಠಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು.

ಮರುದಿನ, ಶುಕ್ರವಾರ ಬೆಳಿಗ್ಗೆ, ಸಿದ್ದಪ್ಪ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತರು. ಹಿಂದಿನ ಇಡೀ ದಿನ ಅವರೊಳಗೆ ಒಂದೇ ಜಗ್ಗಾಟ ನಡೆದಿತ್ತು. ಬಾಯಿ ಬಿಟ್ಟರೆ ಒಬ್ಬಳು ಹೆಂಗಸು ಸಿಕ್ಕಿಬೀಳುತ್ತಾಳೆ. ಬಿಡದಿದ್ದರೆ ನಾಳೆ ಸಂಜೆ ಹನ್ನೊಂದು ಜನ ಒಳಗೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಮ್ಮಿ ಎಂದು ತೂಗಲು ಅವರಿಗೆ ಮನಸ್ಸಾಗಲಿಲ್ಲ. ನಿಜ ಎನ್ನುವುದೊಂದಿದೆಯಲ್ಲ, ಅದನ್ನೇ ಹಿಡಿದುಕೊಳ್ಳೋಣ ಎಂದು ಹೊರಟಿದ್ದರು.

"ಸಾರ್, ಇದು ಹನ್ನೊಂದು ಜನರ ಕೆಲಸ ಅಲ್ಲ. ಒಬ್ಬಳ ಕೆಲಸ."

"ಒಬ್ಬಳ?"

"ನಮ್ಮವರಲ್ಲಿ ಹೊಸ ನೀರು ಬಂದರೆ ಗಂಗಮ್ಮನ ಪೂಜೆ ಮಾಡದೆ ಒಂದು ಹನಿ ಮುಟ್ಟಲ್ಲ ಸಾರ್. ಬಾವಿ ತೋಡಿದರೂ ಅಷ್ಟೇ, ಬೋರು ಹಾಕಿದರೂ ಅಷ್ಟೇ. ಏಳು ಕಲ್ಲು ನಿಲ್ಲಿಸಿ ಮುತ್ತೈದೆ ಕೈಯಲ್ಲಿ ಅರಿಶಿನ, ಕುಂಕುಮ, ಬಳೆ ಇಡಿಸ್ತಾರೆ. ಜೊತೆಗೆ ಇನ್ನೊಬ್ಬರು ಯಾರಾದರೂ ಇದ್ದಿದ್ದರೆ ಒಬ್ಬ ಮುತ್ತೈದೆಯನ್ನು ಕರೆಸ್ತಿದ್ದರು. ಗಂಡಸು ಮಾಡಿದ್ದರೆ ಹೆಂಡತಿ ಕೈಯಲ್ಲಿ ಮಾಡಿಸ್ತಿದ್ದ. ಅಲ್ಲಿ ಕುಂಕುಮ ಇಲ್ಲ, ಬಳೆ ಇಲ್ಲ."

ಇನ್ಸ್‌ಪೆಕ್ಟರ್ ಪೆನ್ನಿನ ಕ್ಯಾಪು ಹಾಕಿದರು. "ವಿಧವೆ."

"ಒಬ್ಬಳೇ ಇದ್ದ ವಿಧವೆ. ಪೂಜೆ ಬಿಡೋಕೂ ಮನಸ್ಸಿಲ್ಲ, ಕುಂಕುಮ ಮುಟ್ಟೋಕೂ ಮನಸ್ಸಿಲ್ಲ. ಇನ್ನೊಂದು ಸಾರ್. ಸೀಸ ಅಲ್ಲೇ ಇದೆ. ಹಳೇ ಕಬ್ಬಿಣದ ಅಂಗಡಿಯವನು ಕಣ್ಣಿಗೊತ್ತಿಕೊಂಡು ತಗೊಳ್ಳೋ ಮಾಲು ಅದು. ಎಲೆ ಹಾಸಿ ಇಟ್ಟು ಹೋಗಿದ್ದಾಳೆ, ಇದು ನಿಮ್ಮದು ಅನ್ನೋ ಹಾಗೆ."

"ಸೀಸದ ಕೆಲಸ ಹೆಂಗಸಿಗೆ ಹೇಗೆ ಗೊತ್ತು?"

ಅದಕ್ಕೂ ಸಿದ್ದಪ್ಪ ಹಿಂದಿನ ಸಂಜೆಯೇ ಮೆಟ್ಟೂರಿಗೆ ಹೋಗಿ ಉತ್ತರ ತಂದಿದ್ದರು. ಪೈಪು ಹಾಕಿದ ಕಂಟ್ರಾಕ್ಟರ್ ತನ್ನ ಹಾಜರಿ ಪುಸ್ತಕ ತೋರಿಸಿದ್ದ. ಬೇವಿನಟ್ಟಿಯ ಹೆಂಗಸರು ಹದಿನೇಳು ಜನ ಮಣ್ಣು ಹೊತ್ತಿದ್ದರು. ಹುರಿ ತುರುಕಿ ಉಳಿಯಿಂದ ಸೀಸ ಬಿಗಿಯುವ ಕೆಲಸಕ್ಕೆ ಗಂಡಸೊಬ್ಬ ಜ್ವರ ಬಂದು ಮಲಗಿದಾಗ ಒಬ್ಬಳನ್ನು ಹಾಕಿಕೊಂಡಿದ್ದರು. ಅವಳ ಕೈ ನೋಡಿ ಕೊನೆಯವರೆಗೂ ಬಿಡಲಿಲ್ಲ. ಹೆಸರು ಮಾದಮ್ಮ, ಗಂಡನ ಹೆಸರಿನ ಮುಂದೆ ತೀರಿಕೊಂಡವರು ಎಂದಿತ್ತು.

ಮೇ 13, ಶನಿವಾರ. ಬೆಳಿಗ್ಗೆ ಹತ್ತು ಗಂಟೆ. ಮಾದಮ್ಮ ಹಟ್ಟಿಯ ಹಿಂದಿನ ಬಯಲಲ್ಲಿ ಕುರಿ ಬಿಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದಳು. ಅರವತ್ತೆರಡು ವರ್ಷ, ಒಣಗಿದ ಮೈ, ಹೆಗಲಲ್ಲಿ ಒಂದು ಜೋಳಿಗೆ. ಪೊಲೀಸರು ಬರುವುದನ್ನು ದೂರದಿಂದಲೇ ಕಂಡಿದ್ದಳು, ಎದ್ದೇಳಲಿಲ್ಲ. ಭುವನಾ ಪಕ್ಕದಲ್ಲಿ ನಿಂತಳು. ವಿಎಓ ಗೋವಿಂದರಾಜು ಒಂದು ಮರದ ನೆರಳು ಹಿಡಿದರು. ಸೊಸೆ ಧನಲಕ್ಷ್ಮಿ ಓಡಿ ಬಂದು ಅತ್ತೆಯ ಹಿಂದೆ ನಿಂತಳು.

"ಅಕ್ಕಾ, ಬುಧವಾರ ಎಲ್ಲಿದ್ದೆ?" ಸಿದ್ದಪ್ಪ ಕೇಳಿದರು.

"ದಿಬ್ಬದ ಮ್ಯಾಲೆ."

"ಒಬ್ಬಳೇ?"

"ಕುರಿ ಇದ್ದೊ."

"ಪೈಪಿನ ಸೀಸ ಬಿಡಿಸಿದ್ದು?"

"ನಾನೇ. ಆ ಜಾಯಿಂಟು ಆಕಿದ್ದೂ ನಾನೇ. ಆಕೋಕೆ ಬಂದೋಳಿಗೆ ಬಿಚ್ಚೋಕೆ ಬರಲ್ವಾ?"

ಧನಲಕ್ಷ್ಮಿ ಬಾಯಿ ಮುಚ್ಚಿಕೊಂಡಳು. ಅವಳಿಗೆ ಗೊತ್ತಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು.

"ಯಾರು ಹೇಳಿ ಮಾಡಿಸಿದರು? ಮುರುಗೇಶ?" ಇನ್ಸ್‌ಪೆಕ್ಟರ್ ಕೇಳಿದ್ದನ್ನು ಸಿದ್ದಪ್ಪ ಕನ್ನಡಕ್ಕೆ ತಿರುಗಿಸಿದರು.

"ಆ ಮುಂಡೇದು ರಸ್ತೇಲಿ ಕೂಗೋಕೆ ಸರಿ. ಉಳಿ ಇಡಿಯೋಕೆ ಬರಲ್ಲ. ಏಟಯ್ಯ, ನಿಂಗೆ ಎಂಗೆ ಗೊತ್ತಾಯ್ತು?"

"ಕುಂಕುಮ ಇರಲಿಲ್ಲ."

ಮಾದಮ್ಮ ಅವರ ಕಡೆ ಪೂರ್ತಿ ತಿರುಗಿ ಕೂತಳು. "ನೀನು ನಮ್ಮೋನು," ಎಂದಳು. ಬೈದಳೋ ಹೊಗಳಿದಳೋ ಸಿದ್ದಪ್ಪನಿಗೆ ತಿಳಿಯಲಿಲ್ಲ.

"ತಣ್ಣಿ ಕದ್ದೆ ಅಂತ ಮಾತ್ರ ಬರೀಬ್ಯಾಡ," ಎಂದಳು ಅವಳು. "ನಮ್ಮೂರು ಆ ಡ್ಯಾಮಿನ ತಳದಲ್ಲೈತೆ. ನಮ್ಮಪ್ಪನ ಮನೆ, ನಮ್ಮವ್ವ ನೀರು ಸೇದ್ತಿದ್ದ ಬಾವಿ, ಎಲ್ಲಾ. ಗೇಟ್ ಆಕಿದಾಗ ನಾನು ಒಂದೊರ್ಷದ ಕೂಸು, ಮಂಕ್ರೀಲಿ ಒತ್ಕೊಂಡು ಬಂದ್ರಂತೆ. ನಮ್ಮ ಬಾವಿ ಮ್ಯಾಲೆ ನಿಂತಿರೋ ನೀರು ನಮ್ಮ ಒಲದ ಕೆಳಗೇ ಓಯ್ತದೆ. ಸೀರೆಗೆ ಬಣ್ಣ ಆಕ್ತದೆ. ನಾನು ನಮ್ಮವ್ವನ ಬಾವಿ ನೀರು ತಗೊಂಡೆ. ಅಂಗಂತ ಬರಿ."

ಸಿದ್ದಪ್ಪ ತಮಿಳಿಗೆ ಹೇಳಿದರು, ಒಂದು ಮಾತೂ ಬಿಡಲಿಲ್ಲ. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಹಣೆ ಒರೆಸಿಕೊಂಡರು.

"ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ," ಎಂದರು. "ಉಳಿ ಬೇಕು. ಅವಳು ತೋರಿಸಿದ ಜಾಗದಿಂದ, ಸಾಕ್ಷಿಯ ಮುಂದೆ. ಎಲ್ಲಿಟ್ಟಿದ್ದಾಳೆ ಕೇಳಿ."

"ಉಳಿ ಎಲ್ಲಿ ಅಕ್ಕಾ?"

ಮಾದಮ್ಮ ಜೋಳಿಗೆಯನ್ನು ಮಡಿಲಿಗೆ ಎಳೆದುಕೊಂಡಳು. ಎಳೆದುಕೊಳ್ಳುವಾಗ ಜೋಳಿಗೆಯ ಬಾಯಿಂದ ಕಬ್ಬಿಣದ ಒಂದು ತುದಿ ಇಣುಕಿ ಒಳಗೆ ಹೋಯಿತು. ಸಿದ್ದಪ್ಪ ನೋಡಿದರು. ಅವರು ನೋಡಿದ್ದನ್ನು ಮಾದಮ್ಮನೂ ನೋಡಿದಳು.

"ಉಳಿ ಸಾಯಪಟ್ಟರೆ ಒಳಗೈತೆ," ಎಂದಳು ಮೆಲ್ಲಗೆ. "ನಮ್ಮೂರ ನಲ್ಲಿಗೆ ನೀರು ಬಿಡೋ ವಾಲ್ವು ಗುಂಡೀಲಿ. ಆ ಗುಂಡಿ ಕಟ್ಟಿದಾಗ ಬಯಲಲ್ಲಿತ್ತು. ಆಮ್ಯಾಲೆ ಕಾಂಪೌಂಡ್ ಗೋಡೇನ ಮುಂದಕ್ಕೆ ತಳ್ಳಿ ಒಳಗೆ ಆಕ್ಕೊಂಡ್ರು. ಬನ್ನಿ, ನಾನೇ ತೋರಿಸ್ತೀನಿ."

ಸಿದ್ದಪ್ಪನಿಗೆ ಇಪ್ಪತ್ತಾರು ವರ್ಷದ ಸರ್ವಿಸ್ ಒಂದು ಗಳಿಗೆ ಕಣ್ಣ ಮುಂದೆ ಬಂತು. ಅಷ್ಟೂ ವರ್ಷ ಸಾಹೇಬರು ಹೇಳಿದ್ದನ್ನು ಜನಕ್ಕೆ, ಜನ ಹೇಳಿದ್ದನ್ನು ಸಾಹೇಬರಿಗೆ ದಾಟಿಸಿದ್ದರು. ಹುಣಸೆ ಮರದ ಕೆಳಗೆ ಮೂರು ದಿನ ಕೂತವರ ಅರ್ಜಿಯನ್ನು ಯಾರೂ ದಾಟಿಸಿರಲಿಲ್ಲ. ಆಗ ತಾನೆಲ್ಲಿದ್ದೆ ಎಂದು ಕೇಳಿಕೊಂಡರೆ ಠಾಣೆಯ ಒಳಗೇ ಇದ್ದರು, ಅದು ಅವರಿಗೆ ಚೆನ್ನಾಗಿ ನೆನಪಿತ್ತು.

"ಏನಂತೆ?" ಎಂದರು ಇನ್ಸ್‌ಪೆಕ್ಟರ್.

"ಕಾರ್ಖಾನೆ ಒಳಗಿರೋ ವಾಲ್ವಿನ ಗುಂಡಿಯಲ್ಲಿದೆಯಂತೆ ಸಾರ್. ತೋರಿಸ್ತೀನಿ ಅಂತಾಳೆ," ಎಂದರು ಸಿದ್ದಪ್ಪ. ಅವಳು ಹೇಳಿದ್ದು ಅಷ್ಟೇ. ತಾವು ನೋಡಿದ್ದನ್ನು ಯಾರೂ ಕೇಳಲಿಲ್ಲ.

ಹೊರಡುವ ಮುಂಚೆ ಅವಳ ಹೇಳಿಕೆ ಬರೆದು ಓದಿ ಹೇಳಿದರು. ಅವಳು ಹೆಬ್ಬೆಟ್ಟು ಒತ್ತಿದಳು.

ಮಧ್ಯಾಹ್ನ ಎರಡು ಗಂಟೆಗೆ ಜೀಪು ಕಾರ್ಖಾನೆಯ ಗೇಟು ದಾಟಿತು. ಬಿಚ್ಚಿದ ಜಾಯಿಂಟಿಗೆ ಕಾರ್ಖಾನೆಯವರು ಶುಕ್ರವಾರವೇ ಹೊಸ ಸೀಸ ಹೊಯ್ಯಿಸಿದ್ದರು, ತೊಟ್ಟಿಗಳಿಗೆ ಮತ್ತೆ ನೀರು ಬರುತ್ತಿತ್ತು. ಆರೋಪಿಯನ್ನು ಕಂಡ ರಾಜಗೋಪಾಲರಿಗೆ ಮೊದಲು ಸಂತೋಷ, ಆಮೇಲೆ ಅನುಮಾನ.

"ಇಲ್ಲಿಗೆ ಯಾಕೆ ಕರೆತಂದಿರಿ ಸಾರ್?"

"ಉಳಿ ವಶಪಡಿಸಿಕೊಳ್ಳಬೇಕು."

ಮಾದಮ್ಮ ಯಾರನ್ನೂ ಕೇಳದೆ ಮುಂದೆ ನಡೆದಳು. ಗೋಡೆಯ ಹೊರಗಿನ ಬೇವಿನ ಮರವನ್ನು ಗುರುತಿಟ್ಟುಕೊಂಡು, ಹೆಜ್ಜೆ ಎಣಿಸುತ್ತ, ಕೆಲಸಗಾರರು ಸೈಕಲ್ ನಿಲ್ಲಿಸುವ ಜಾಗಕ್ಕೆ ಬಂದು ನಿಂತಳು. ಕಾಲಿನಿಂದ ನೆಲ ತಟ್ಟಿದಳು. "ಇಲ್ಲಿ."

ಸೈಕಲ್ಲುಗಳ ಕೆಳಗೆ ಚಪ್ಪಡಿ ಕಲ್ಲು. ಅದನ್ನು ತೆಗೆಯೋಕಾಗಲ್ಲ, ಯಜಮಾನರ ಅಪ್ಪಣೆ ಬೇಕು ಎಂದರು ರಾಜಗೋಪಾಲ್. ಈ ಮುದುಕಿ ನಮ್ಮ ವಾಚ್‌ಮನ್ ದಾಟಿ ಒಳಗೆ ಬಂದು ಚಪ್ಪಡಿ ಎತ್ತಿದಳಾ, ಹುಚ್ಚಾ ಎಂದೂ ಕೇಳಿದರು. ಮಾತು ನ್ಯಾಯವಾದದ್ದೇ. ಇನ್ಸ್‌ಪೆಕ್ಟರ್ ಅರೆಗಳಿಗೆ ತಡೆದು ಸಿದ್ದಪ್ಪನ ಮುಖ ನೋಡಿದರು. ಸಿದ್ದಪ್ಪ ಚಪ್ಪಡಿ ನೋಡುತ್ತಿದ್ದರು.

"ಆರೋಪಿಯ ಹೇಳಿಕೆ ಇದೆ, ಹೆಬ್ಬೆಟ್ಟು ಇದೆ," ಎಂದರು ಇನ್ಸ್‌ಪೆಕ್ಟರ್ ನಿಧಾನವಾಗಿ. "ನೋಡದೆ ಹೋದರೆ ನಾಳೆ ಕೋರ್ಟು ನನ್ನನ್ನು ಕೇಳುತ್ತದೆ. ಎತ್ತಿಸಿ."

ಬಣ್ಣದ ಕೈಯ ನಾಲ್ವರು ಕೆಲಸಗಾರರು ಬಂದರು. ಅವರು ಚಪ್ಪಡಿ ಎತ್ತಿದ ಉತ್ಸಾಹ ನೋಡಿದರೆ ಅವರ ಮನೆಯಲ್ಲೂ ನಲ್ಲಿ ಒಣಗಿರಬೇಕು.

ಕೆಳಗೆ ಇಟ್ಟಿಗೆ ಕಟ್ಟಿದ ಗುಂಡಿ. ಅದರಲ್ಲಿ ಎರಡು ಪೈಪು, ಒಂದು ಕಾರ್ಖಾನೆಗೆ, ಒಂದು ಊರಿಗೆ. ಊರಿನ ಪೈಪಿನ ವಾಲ್ವು ಕೊನೆಯವರೆಗೂ ಮುಚ್ಚಿತ್ತು. ಅದರ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತಿ ದಪ್ಪ ಬೀಗ ಜಡಿದಿತ್ತು. ಉಳಿ ಎಲ್ಲೂ ಇರಲಿಲ್ಲ.

ವಿಎಓ ಗುಂಡಿಯೊಳಗೆ ಬಗ್ಗಿ ನೋಡಿ ಸೊಂಟ ನೆಟ್ಟಗೆ ಮಾಡಿಕೊಂಡು ಆಕಾಶ ನೋಡಿದರು.

"ಈ ಬೀಗ ಯಾರದು?" ಇನ್ಸ್‌ಪೆಕ್ಟರ್ ಕೇಳಿದರು.

"ಗೊತ್ತಿಲ್ಲ ಸಾರ್. ಕಂಟ್ರಾಕ್ಟರ್ ಹಾಕಿರಬೇಕು."

"ಸೊಂಟದಲ್ಲಿರುವ ಆ ಕೀ ಗೊಂಚಲು ಕೊಡಿ."

"ಸಾರ್, ಡಿಎಸ್ಪಿ ಸಾಹೇಬರಿಗೆ..."

"ಕೊಡಿ."

ಮೂರನೆಯ ಕೀಗೆ ಬೀಗ ತೆರೆದುಕೊಂಡಿತು. ಆಗ ಪೊನ್ನುಸ್ವಾಮಿಯವರ ಮುಖದಲ್ಲಿ ಎರಡು ವರ್ಷದ ರಿಟೈರ್ಮೆಂಟು ಮಾಯವಾಗಿ ಪೊಲೀಸಿನವನು ಕಂಡ. ಜೀಪಿನಿಂದ ಕಾನೂನು ಪುಸ್ತಕ ತರಿಸಿದರು. ನಿಂತಲ್ಲೇ 430ನೇ ಸೆಕ್ಷನ್ ತೆಗೆದು ಎಲ್ಲರಿಗೂ ಕೇಳುವ ಹಾಗೆ ಅದರ ಅರ್ಥ ಹೇಳಿದರು. ಬೇಸಾಯದ ನೀರು ಕಮ್ಮಿ ಮಾಡಿದವರಿಗೆ ಶಿಕ್ಷೆ. ಮನುಷ್ಯರು, ಸಾಕಿದ ಪ್ರಾಣಿಗಳು ಕುಡಿಯುವ ನೀರು ಕಮ್ಮಿ ಮಾಡಿದವರಿಗೆ ಶಿಕ್ಷೆ. ಕಾರ್ಖಾನೆಯ ನೀರು ಕಮ್ಮಿ ಮಾಡಿದವರಿಗೂ ಶಿಕ್ಷೆ.

"ಕಾರ್ಖಾನೆ ಕಟ್ಟಕಡೆಗೆ ಬರುತ್ತದೆ ಮ್ಯಾನೇಜರ್ ಸಾರ್," ಎಂದು ಪುಸ್ತಕ ಮುಚ್ಚಿದರು. "ಕೇಳಮ್ಮಾ, ನಿನಗೇನಾದರೂ ದೂರು ಇದೆಯಾ?"

ಸಿದ್ದಪ್ಪ ಕನ್ನಡಕ್ಕೆ ತಿರುಗಿಸುವ ಮೊದಲೇ ಮಾದಮ್ಮ ತಮಿಳಿನಲ್ಲೇ ಉತ್ತರ ಕೊಟ್ಟಳು. "ಇರುಕ್ಕು." ಇದೆ ಎಂದು. ಅವಳಿಗೆ ತಮಿಳು ಬರುತ್ತಿತ್ತು, ಬೆಳಿಗ್ಗೆಯಿಂದ ಎಲ್ಲವೂ ಅರ್ಥವಾಗಿತ್ತು. ಸಿದ್ದಪ್ಪನ ತುಟಿಯಂಚಿಗೆ ನಗು ಬಂತು, ಮೀಸೆ ಒರೆಸಿಕೊಂಡು ನುಂಗಿದರು.

ಪಂಚನಾಮೆ ಬರೆಯುತ್ತ ಹೋದರು. ವಾಲ್ವು ಒಂದು, ಪೂರ್ತಿ ಮುಚ್ಚಿದೆ. ಸರಪಳಿ ಒಂದು, ಬೀಗ ಒಂದು, ಕೀ ಒಂದು, ವಶಕ್ಕೆ ತೆಗೆದುಕೊಳ್ಳಲಾಯಿತು. ವಾಲ್ವು ಕೆಟ್ಟಿದೆಯೋ ಕೆಲಸ ಮಾಡುತ್ತದೆಯೋ ಎಂದು ಪರೀಕ್ಷಿಸಬೇಕಲ್ಲ. ಸಿದ್ದಪ್ಪ ಗುಂಡಿಗೆ ಇಳಿದರು. ಮೂರು ವರ್ಷದ ತುಕ್ಕು, ಚಕ್ರ ಜಪ್ಪಯ್ಯ ಅನ್ನಲಿಲ್ಲ. ಅಂಗಿ ಬಿಚ್ಚಿ ಚಕ್ರಕ್ಕೆ ಸುತ್ತಿ ಎರಡೂ ಕೈಯಿಂದ ಜಗ್ಗಿದರು. ಕಿರ್ರೆಂದು ಅಲುಗಿತು, ಆಮೇಲೆ ತಿರುಗಿತು, ಪೈಪಿನೊಳಗೆ ನೀರು ಹೊರಟ ಸದ್ದು ಕೇಳಿಸಿತು. ಮೇಲೆ ಬಂದು ಬನಿಯನ್ನಿನಲ್ಲೇ ಕೂತು ಬರೆದರು: "ವಾಲ್ವನ್ನು ತಿರುಗಿಸಿ ನೋಡಲಾಯಿತು. ತಿರುಗುತ್ತದೆ."

ಮತ್ತೆ ಮುಚ್ಚಲಾಯಿತು ಎಂದು ಬರೆಯಲಿಲ್ಲ. ಮುಚ್ಚಿದ್ದರೆ ತಾನೇ ಬರೆಯುವುದು? ಪೊನ್ನುಸ್ವಾಮಿ ಓದಿದರು, ಆ ಸಾಲಿನ ಮೇಲೆ ಒಂದು ಗಳಿಗೆ ನಿಂತರು, ಸಹಿ ಹಾಕಿದರು. ಸಾಕ್ಷ್ಯ ಇರುವ ಜಾಗ, ಕೋರ್ಟಿನ ಅಪ್ಪಣೆ ಇಲ್ಲದೆ ಯಾರೂ ಕೈ ಹಾಕಬಾರದು ಎಂದು ರಾಜಗೋಪಾಲರಿಗೆ ಲಿಖಿತ ನೋಟೀಸು ಕೊಟ್ಟರು.

"ಎಲ್ಲ ಸರಿ. ಉಳಿ ಎಲ್ಲಿ?" ಎಂದರು ಕೊನೆಗೆ.

ಮಾದಮ್ಮ ಜೋಳಿಗೆಗೆ ಕೈ ಹಾಕಿ ಉಳಿ ತೆಗೆದು ಎತ್ತಿಟ್ಟ ಚಪ್ಪಡಿಯ ಮೇಲಿಟ್ಟಳು. "ಇಲ್ಲೇ ಐತಲ್ಲ ಸಾಮಿ. ವಯಸ್ಸಾಯ್ತು, ಮರ್ತೋಯ್ತದೆ."

ಸಂಜೆ ನಾಲ್ಕೂ ಹತ್ತಕ್ಕೆ ಕ್ರೈಂ ನಂಬರ್ 118ರಲ್ಲಿ ಮಾದಮ್ಮನ ಬಂಧನವಾಯಿತು. ಅದೇ ಸಂಜೆ ಠಾಣೆಯಲ್ಲಿ ಕ್ರೈಂ ನಂಬರ್ 119 ದಾಖಲಾಯಿತು, ಅದೇ ಸೆಕ್ಷನ್, ಆರೋಪಿಗಳು ಮ್ಯಾನೇಜರ್ ಮತ್ತು ಯಜಮಾನ, ಫಿರ್ಯಾದಿ ಮಾದಮ್ಮ. ಫಿರ್ಯಾದಿಯ ಸದ್ಯದ ವಿಳಾಸ ಎಂಬ ಕಡೆ ಸಿದ್ದಪ್ಪ "ಈ ಠಾಣೆ" ಎಂದು ಬರೆದರು. ಹನ್ನೊಂದು ಹೆಸರಿನ ಪಟ್ಟಿ ಇನ್ಸ್‌ಪೆಕ್ಟರ್ ಜೇಬಿನಲ್ಲಿ ಬೆವರಿಗೆ ನೆನೆದು ಓದಲಾಗದ ಹಾಗಾಗಿತ್ತು. ಡಿಎಸ್ಪಿ ಸಾಹೇಬರ ಫೋನು ಎರಡು ಸಲ ಬಂತು. ಮುಂದಿನ ತಿಂಗಳು ಇಬ್ಬರಿಗೂ ವರ್ಗ, ಪೊನ್ನುಸ್ವಾಮಿಗೆ ಒಂದು ಮೂಲೆ, ಸಿದ್ದಪ್ಪನಿಗೆ ಹೊಗೆನಕಲ್ ಕಡೆಯ ಇನ್ನೊಂದು ಮೂಲೆ. ಅದನ್ನು ಅವರಿಬ್ಬರೂ ಗುಂಡಿಯ ಪಕ್ಕದಲ್ಲೇ ಊಹಿಸಿದ್ದರು.

ಆದರೆ ಠಾಣೆಗೆ ಹೋಗುವ ಮೊದಲು ಜೀಪು ಬೇವಿನಟ್ಟಿ ದಾಟಬೇಕಿತ್ತು, ಅಲ್ಲಿ ದಾಟಲಾಗಲಿಲ್ಲ. ಬೀದಿಯ ತುಂಬ ಕೊಡಗಳು. ನಲ್ಲಿಯಲ್ಲಿ ಮೊದಲು ತುಕ್ಕಿನ ಕೆಂಪು, ಆಮೇಲೆ ತಿಳಿನೀರು ಬೆರಳು ದಪ್ಪ ಸುರಿಯುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರೂ ನೀರಿಗೆ ಕೊಡ ಒಡ್ಡಿರಲಿಲ್ಲ. ಪೂಜೆ ಆಗಿರಲಿಲ್ಲ.

ನಲ್ಲಿಯ ಮುಂದೆ ಏಳು ಕಲ್ಲು ನಿಲ್ಲಿಸಿ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಧನಲಕ್ಷ್ಮಿ ಕಾದಿದ್ದಳು. ಜೀಪು ಕಂಡು ನೇರ ಬಂದಳು.

"ಅತ್ತೆ, ಇಳಿ. ನೀನೇ ಇಡು."

"ನಾನು ಇಡಬಾರದು ಕಣೇ. ನೀನು ಮುತ್ತೈದೆ, ನೀನಿಡು."

"ನೀರು ತಂದೋಳು ನೀನು. ನೀನೇ ಇಡಬೇಕು." ಧನಲಕ್ಷ್ಮಿ ಊರಿನ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು, "ಬ್ಯಾಡ ಅನ್ನೋರು ಯಾರಾದ್ರೂ ಇದ್ರೆ ಅವ್ರು ಈ ನೀರು ಕುಡೀಬ್ಯಾಡಿ. ಯಾರವ್ರೆ?"

ಸಣ್ಣಯ್ಯ ತಲೆಯ ಮೇಲಿನ ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡರು. ಬೇಡ ಎನ್ನುವವರು ಯಾರೂ ಇರಲಿಲ್ಲ.

ಭುವನಾ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಅವರು ವಾಚು ನೋಡಿಕೊಂಡು, "ಅಂಜು ನಿಮಿಷಂ," ಎಂದರು, ಐದು ನಿಮಿಷ. ಮಾದಮ್ಮ ಜೀಪಿನಿಂದ ಇಳಿದಳು. ಅವಳ ಗಂಡ ತೀರಿ ಇಪ್ಪತ್ತೊಂದು ವರ್ಷವಾಗಿತ್ತು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಕುಂಕುಮಕ್ಕೆ ಅದ್ದಿದಳು. ಏಳು ಕಲ್ಲಿಗೂ ಇಟ್ಟಳು, ಒಂದೊಂದಕ್ಕೂ ದಪ್ಪವಾಗಿ.

ಆ ದಿನದ ಜನರಲ್ ಡೈರಿಯಲ್ಲಿ ಸಿದ್ದಪ್ಪ ಎಲ್ಲವನ್ನೂ ಸಮಯ ಹಾಕಿ ಬರೆದರು. ಅದರಲ್ಲಿ ಒಂದು ನಮೂದು ಹೀಗಿದೆ: "ಸಂಜೆ 4.35ರಿಂದ 5.05ರವರೆಗೆ, ಆರೋಪಿಯನ್ನು ಕರೆತರುವ ದಾರಿಯಲ್ಲಿ ಬೇವಿನಟ್ಟಿಯಲ್ಲಿ ವಾಹನ ನಿಂತಿತ್ತು. ಕಾರಣ, ನೀರು."